ಕಾರಿನ ಮುಂದಿನ ದೀಪ: ಬರೀ ಬಲ್ಬು ಬದಲಿಸಿದರೆ ಸಾಕೇ?

 

ಹಳೆಯ ಕಾರು, ಜೀಪು ಇಟ್ಟುಕೊಂಡವರು ಈಗೀಗ ಗ್ಯಾರೇಜಿಗೆ ಹೋಗಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. “ಮಿಸ್ತ್ರಿ, ರಾತ್ರಿ ಲೈಟ್ ಕಮ್ಮಿ ಬೀಳ್ಲಾಕತ್ತದ. ಈ ಹಳದಿ ಬಲ್ಬ್ ತಗದು ಬಿಳೀ ಎಲ್‌ಇಡಿ ಹಾಕಿಬಿಡ್ರಿ.” ಕೆಲಸ ಬಹಳ ಹೊತ್ತಿನದೇನಲ್ಲ. ಬಾನೆಟ್ ಎತ್ತಬೇಕು, ರಬ್ಬರ್ ಟೋಪಿ ಬಿಚ್ಚಬೇಕು, ಹಳೇ ಬಲ್ಬು ತೆಗೆದು ಹೊಸದನ್ನು ತಿರುವಬೇಕು. ಸ್ವಿಚ್ ಒತ್ತಿದ ಕೂಡಲೇ ಗೋಡೆಯ ಮೇಲೆ ಹಾಲಿನಂಥ ಬೆಳಕು! ಮಾಲೀಕರಿಗೂ ಖುಷಿ, ಮಿಸ್ತ್ರಿಗೂ ಖುಷಿ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಎದುರಿನಿಂದ ಬರುವವರ ಗತಿ ಏನು? ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಬೆಳಕು ಜಾಸ್ತಿ ಕಂಡ ಮಾತ್ರಕ್ಕೆ ಆ ಕಾರು ಓಡಿಸುವವರಿಗಾದರೂ ದೂರದ ದಾರಿ ಖರೇನೇ ಜಾಸ್ತಿ ಕಾಣುತ್ತದೆಯೇ? ಇವೆರಡಕ್ಕೂ ಉತ್ತರ ನಮ್ಮ ವಿಜ್ಞಾನ ಪುಸ್ತಕದ ಬೆಳಕಿನ ಪಾಠದಲ್ಲೇ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ನಮ್ಮ ರಸ್ತೆಗೆ ಇದು ಯಾಕೆ ಮುಖ್ಯ?

ನಮ್ಮ ಆದಿತ್ಯನಗರ ಇರುವುದು ಸೇಡಂ ತಾಲೂಕಿನ ಮಳಖೇಡದ ಹತ್ತಿರ. ಇಲ್ಲಿ ರಾಜಶ್ರೀ ಸಿಮೆಂಟ್ ಕಾರ್ಖಾನೆ ಇದೆ. ಆ ಕಡೆ ಸೇಡಂನಲ್ಲಿ ವಾಸವದತ್ತಾ, ಈ ಕಡೆ ವಾಡಿಯಲ್ಲಿ ಎಸಿಸಿ. ಶಹಾಬಾದ್, ಚಿತ್ತಾಪುರದ ಸುತ್ತ ಹಾಸುಗಲ್ಲಿನ ಗಣಿಗಳು. ಹೀಗಾಗಿ ಕಲಬುರಗಿ–ಸೇಡಂ ರಸ್ತೆಯಲ್ಲಿ ಹಗಲು ರಾತ್ರಿ ಎನ್ನದೆ ಲಾರಿ, ಟ್ಯಾಂಕರು ಓಡುತ್ತವೆ. ರಾತ್ರಿ ಪಾಳಿಗೆ ಹೋಗುವವರು ಸೈಕಲ್ ಮೇಲೆ, ಮೋಟಾರ್ ಸೈಕಲ್ ಮೇಲೆ ಅದೇ ರಸ್ತೆಯಲ್ಲಿ ಬರುತ್ತಾರೆ. ತೊಗರಿ ರಾಶಿಯ ಕಾಲದಲ್ಲಿ ಎತ್ತಿನ ಬಂಡಿ, ಟ್ರ್ಯಾಕ್ಟರು ಸೇರಿಕೊಳ್ಳುತ್ತವೆ. ಬಂಡಿಗೆ ದೀಪ ಎಲ್ಲಿಂದ ಬರಬೇಕು? ಎಮ್ಮೆಗೆ ಹಿಂದಿನ ಲೈಟು ಯಾರು ಕಟ್ಟುತ್ತಾರೆ?

ಅಂದರೆ ನಮ್ಮ ರಸ್ತೆಯ ಮೇಲೆ ದೀಪ ಇದ್ದವರು, ದೀಪ ಇಲ್ಲದವರು ಇಬ್ಬರೂ ಒಟ್ಟಿಗೇ ಓಡಾಡುತ್ತಾರೆ. ದೀಪ ಇದ್ದವರ ಕಣ್ಣು ಸರಿಯಾಗಿ ಕಂಡರೆ ಮಾತ್ರ ದೀಪ ಇಲ್ಲದವರ ಜೀವ ಉಳಿಯುತ್ತದೆ. ಅದಕ್ಕೇ ಈ ಬಲ್ಬಿನ ಮಾತು ಕಾರಿನ ಮಾಲೀಕರಿಗೆ ಮಾತ್ರ ಸೇರಿದ್ದಲ್ಲ, ನಡಕೊಂಡು ಹೋಗುವ ನಮಗೂ ಸೇರಿದ್ದು.

ಒಂದು ದೀಪದಲ್ಲಿ ಮೂರು ಭಾಗ

ಹೆಡ್‌ಲೈಟ್ ಅಂದರೆ ಬಲ್ಬು ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಅದರಲ್ಲಿ ಮೂರು ಭಾಗ ಇವೆ. ಒಂದು, ಬೆಳಕು ಹುಟ್ಟುವ ಬಲ್ಬು. ಎರಡು, ಬಲ್ಬಿನ ಹಿಂದಿರುವ ಹೊಳಪಿನ ಕನ್ನಡಿ, ಅಂದರೆ ನಾವು ಓದಿದ ನಿಮ್ನ ದರ್ಪಣದ ಜಾತಿಯದ್ದು. ಮೂರು, ಮುಂದಿನ ಗಾಜು ಅಥವಾ ಪ್ಲಾಸ್ಟಿಕ್ ಮುಚ್ಚಳ. ಈ ಮೂರನ್ನೂ ಒಂದಕ್ಕೊಂದು ಅಳತೆ ಮಾಡಿಯೇ ಕಾರ್ಖಾನೆಯಲ್ಲಿ ಜೋಡಿಸುತ್ತಾರೆ.

ಅಳತೆ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಒಂದು ಸಣ್ಣ ಪ್ರಯೋಗ. ಮನೆಯಲ್ಲಿ ಹಳೆಯ ತಗಡಿನ ಟಾರ್ಚ್ ಇದ್ದರೆ ತನ್ನಿ. ಅದರ ತಲೆಯನ್ನು ನಿಧಾನವಾಗಿ ತಿರುವಿರಿ. ಒಂದು ಕಡೆ ತಿರುವಿದರೆ ಗೋಡೆಯ ಮೇಲೆ ರೂಪಾಯಿಯಂಥ ದುಂಡು ಬೆಳಕು, ಇನ್ನೊಂದು ಕಡೆ ತಿರುವಿದರೆ ಪರಾತದಷ್ಟು ಅಗಲ, ನಡುವೆ ಕಪ್ಪು ಕಲೆ. ಬಲ್ಬು ಅದೇ, ಶೆಲ್ಲು ಅದೇ. ಬದಲಾದದ್ದು ಬಲ್ಬಿಗೂ ಕನ್ನಡಿಗೂ ನಡುವಿನ ದೂರ, ಅದೂ ಕೆಲವೇ ಮಿಲಿಮೀಟರ್. ದರ್ಪಣದ ನಾಭಿಯಲ್ಲಿ ಬೆಳಕು ಇದ್ದರೆ ಕಿರಣಗಳು ಸಮಾಂತರವಾಗಿ ಹೋಗುತ್ತವೆ. ನಾಭಿ ತಪ್ಪಿದರೆ ಚೆದರುತ್ತವೆ ಅಂತ ಪುಸ್ತಕದಲ್ಲಿ ಓದಿದ್ದು ಇದನ್ನೇ.

ಈ ಪ್ರಯೋಗ ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಹ್ಯಾಲೊಜನ್ ಬಲ್ಬು ಹೇಗೆ ಉರಿಯುತ್ತದೆ?

ಸಾದಾ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಬೆಳಕು ಕೊಡುತ್ತದೆ. ಕಾದ ತಂತಿಯಿಂದ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಹತ್ತಿಕೊಳ್ಳುತ್ತದೆ. ಹಳೆಯ ಬಲ್ಬು ಕಪ್ಪಗಾಗುವುದು ಇದರಿಂದಲೇ. ಹ್ಯಾಲೊಜನ್ ಬಲ್ಬಿನೊಳಗೆ ಅಯೋಡಿನ್ ಅಥವಾ ಬ್ರೋಮಿನ್ ಜಾತಿಯ ಅನಿಲವನ್ನು ಸ್ವಲ್ಪ ತುಂಬಿರುತ್ತಾರೆ. ಅದು ಆವಿಯಾದ ಟಂಗ್‌ಸ್ಟನ್ನನ್ನು ಹಿಡಿದು ಮತ್ತೆ ತಂತಿಯ ಹತ್ತಿರ ತಂದು ಬಿಡುತ್ತದೆ. ಹೀಗಾಗಿ ಗಾಜು ಕಪ್ಪಾಗುವುದಿಲ್ಲ, ತಂತಿಯನ್ನು ಇನ್ನಷ್ಟು ಬಿಸಿ ಮಾಡಬಹುದು. ಸುಮಾರು 2,900 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆ! ಮಾಮೂಲಿ ಗಾಜು ಈ ಶಾಖ ತಡೆಯದು. ಅದಕ್ಕೆ ಗಟ್ಟಿ ಕ್ವಾರ್ಟ್ಸ್ ಗಾಜಿನ ಸಣ್ಣ ಕೊಳವೆ ಇರುತ್ತದೆ.

ಯುರೋಪಿನ ಕಾರುಗಳಿಗೆ ಎಚ್1 ಎಂಬ ಹ್ಯಾಲೊಜನ್ ಬಲ್ಬು 1962ರಲ್ಲಿ ಬಂತು. ಒಂದೇ ಬಲ್ಬಿನಲ್ಲಿ ಎರಡು ತಂತಿ ಇರುವ ಎಚ್4 ಬಂದದ್ದು 1971ರಲ್ಲಿ. ನಮ್ಮ ದೇಶದ ಎಷ್ಟೋ ಕಾರು, ಜೀಪುಗಳಲ್ಲಿ ಇರುವುದು ಈ ಎಚ್4 ಬಲ್ಬೇ. ಅದರ ಮೇಲೆ 60/55 ವ್ಯಾಟ್ ಅಂತ ಬರೆದಿರುತ್ತದೆ. 60 ವ್ಯಾಟಿನ ತಂತಿ ದೂರದ ಬೆಳಕಿಗೆ, ಅಂದರೆ ಅಪ್ಪರ್‌ಗೆ. 55 ವ್ಯಾಟಿನದು ಹತ್ತಿರದ ಬೆಳಕಿಗೆ, ಅಂದರೆ ಡಿಪ್ಪಿಗೆ.

ಈಗ ಜಾಣತನ ನೋಡಿ. ಅಪ್ಪರ್ ತಂತಿ ಕನ್ನಡಿಯ ನಾಭಿಯ ಹತ್ತಿರ ಇರುತ್ತದೆ, ಬೆಳಕು ನೇರ ದೂರ ಹೋಗುತ್ತದೆ. ಡಿಪ್ಪಿನ ತಂತಿ ನಾಭಿಗಿಂತ ಸ್ವಲ್ಪ ಮುಂದೆ ಇರುತ್ತದೆ. ಅದರ ಕೆಳಗೆ ಪುಟ್ಟ ಲೋಹದ ದೊನ್ನೆ ಇರುತ್ತದೆ. ದೊನ್ನೆ ಅಡ್ಡ ಇರುವುದರಿಂದ ಬೆಳಕು ಕನ್ನಡಿಯ ಕೆಳಗಿನ ಅರ್ಧಕ್ಕೆ ಬೀಳುವುದೇ ಇಲ್ಲ. ಮೇಲಿನ ಅರ್ಧಕ್ಕೆ ಮಾತ್ರ ಬಿದ್ದು ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಡಿಪ್ ಹಾಕಿ ಗೋಡೆಯ ಮುಂದೆ ನಿಲ್ಲಿಸಿದರೆ ಕೆಳಗೆ ಬೆಳಕು, ಮೇಲೆ ಕತ್ತಲು, ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಎಡಗಡೆ ಸ್ವಲ್ಪ ಮೇಲೇರಿರುತ್ತದೆ. ಯಾಕಂದ್ರೆ ನಾವು ರಸ್ತೆಯ ಎಡಕ್ಕೆ ಓಡಿಸುವವರು. ಎಡಗಡೆ ನಡೆದು ಹೋಗುವ ಮನುಷ್ಯ, ಬಂಡಿ ದೂರದಿಂದಲೇ ಕಾಣಬೇಕು. ಬಲಗಡೆ ಎದುರಿನವರ ಕಣ್ಣಿಗೆ ಬೆಳಕು ಹೊಡೆಯಬಾರದು.

ಅಕ್ಕಿಕಾಳಿನಷ್ಟು ತಂತಿ, ಅದರ ಕೆಳಗೆ ಒಂದು ದೊನ್ನೆ. ಎದುರಿನವರ ಕಣ್ಣು ಕಾಯುವುದು ಇಷ್ಟೇ.

ಎಲ್‌ಇಡಿ ಅಂದರೆ ಏನು?

ಎಲ್‌ಇಡಿ ಅಂದರೆ ಲೈಟ್ ಎಮಿಟಿಂಗ್ ಡಯೋಡ್, ಬೆಳಕು ಸೂಸುವ ಡಯೋಡ್. ಇದರಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕದ ಸಣ್ಣ ಬಿಲ್ಲೆಯಲ್ಲಿ ವಿದ್ಯುತ್ ಹರಿದಾಗ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ಬೆಳಕಾಗಿ ಬಿಡುತ್ತವೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ನೀಲಿಯೇ ಕಷ್ಟವಾಗಿತ್ತು. ಜಪಾನಿನ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳ ಕೆಲಸದಿಂದ 1990ರ ದಶಕದ ಆರಂಭದಲ್ಲಿ ಪ್ರಖರ ನೀಲಿ ಎಲ್‌ಇಡಿ ಸಾಧ್ಯವಾಯಿತು. ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ನೀಲಿ ಬಿಲ್ಲೆಯ ಮೇಲೆ ಹಳದಿ ಬಣ್ಣ ಸೂಸುವ ಪುಡಿಯ ಲೇಪ ಹಚ್ಚಿದರೆ ನೀಲಿ, ಹಳದಿ ಕೂಡಿ ಬಿಳಿಯಾಗಿ ಕಾಣುತ್ತದೆ. ನಮ್ಮ ಮನೆಯ ಎಲ್‌ಇಡಿ ಬಲ್ಬಿನ ಗುಟ್ಟೂ ಇದೇ.

ಇದರ ಗುಣ ದೊಡ್ಡದು. ಎಚ್4 ಬಲ್ಬಿನ ಡಿಪ್ಪು 55 ವ್ಯಾಟ್ ತಿಂದು ಸುಮಾರು 1,000 ಲ್ಯೂಮೆನ್ ಬೆಳಕು ಕೊಡುತ್ತದೆ. ಅಂದರೆ ವ್ಯಾಟಿಗೆ 18 ಲ್ಯೂಮೆನ್. ಒಳ್ಳೆಯ ಎಲ್‌ಇಡಿ ವ್ಯಾಟಿಗೆ 100 ಲ್ಯೂಮೆನ್ ಅಥವಾ ಅದಕ್ಕೂ ಹೆಚ್ಚು ಕೊಡುತ್ತದೆ. ಬ್ಯಾಟರಿಗೆ ಭಾರ ಕಮ್ಮಿ. ತಣ್ಣಗೆ ಇಟ್ಟರೆ ಸಾವಿರಾರು ಗಂಟೆ ಬಾಳುತ್ತದೆ. ಹಾಗಾದರೆ ಎಲ್‌ಇಡಿ ಕೆಟ್ಟದ್ದು ಅಂತ ಯಾರೂ ಹೇಳುವ ಹಾಗಿಲ್ಲ. ತಕರಾರು ಇರುವುದು ಬೇರೆ ಕಡೆ.

ಹ್ಯಾಲೊಜನ್ ಮನೆಯಲ್ಲಿ ಎಲ್‌ಇಡಿ ಕೂರಿಸಿದರೆ?

ಹ್ಯಾಲೊಜನ್ ತಂತಿ ಸುತ್ತಲೂ ಬೆಳಕು ಚೆಲ್ಲುತ್ತದೆ, ಕಂದೀಲಿನ ಹಾಗೆ. ಕನ್ನಡಿಯನ್ನು ಆ ಬೆಳಕಿಗೆ ತಕ್ಕಂತೆ ಬಾಗಿಸಿರುತ್ತಾರೆ. ಎಲ್‌ಇಡಿ ಬಿಲ್ಲೆ ಚಪ್ಪಟೆ. ತನ್ನ ಎದುರಿಗೆ ಮಾತ್ರ ಬೆಳಕು ಕೊಡುತ್ತದೆ. ಅದಕ್ಕೆ ಬಲ್ಬು ಮಾಡುವವರು ಒಂದು ಪಟ್ಟಿಯ ಎರಡೂ ಮಗ್ಗುಲಿಗೆ ಬಿಲ್ಲೆ ಅಂಟಿಸಿ ತಂತಿಯ ವೇಷ ಹಾಕಿಸುತ್ತಾರೆ. ಪಟ್ಟಿ ದಪ್ಪ ಇದ್ದರೆ, ಬಿಲ್ಲೆ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಆದರೆ, ದೊನ್ನೆಯ ಆಕಾರ ತಪ್ಪಿದರೆ ವೇಷ ಕಳಚುತ್ತದೆ. ಟಾರ್ಚಿನ ಪ್ರಯೋಗ ನೆನಪಿದೆಯಲ್ಲ? ಹಾಗೇ ಆಗುತ್ತದೆ. ಮೇಲೆ ಹೋಗಬಾರದ ಬೆಳಕು ಮೇಲೆ ಹೋಗುತ್ತದೆ. ಗೆರೆ ಅಳಿಸಿಹೋಗುತ್ತದೆ. ಬಲ್ಬನ್ನು ಕೂರಿಸುವಾಗ ಬಿಲ್ಲೆಗಳು ಎಡಕ್ಕೂ ಬಲಕ್ಕೂ ಮುಖ ಮಾಡಬೇಕು. ಅದು ಸ್ವಲ್ಪ ವಾರೆಯಾದರೂ ಬೆಳಕಿನ ಆಕಾರ ಕೆಡುತ್ತದೆ.

ಇನ್ನೊಂದು ಮೋಸ ಓಡಿಸುವವರಿಗೇ ಆಗುತ್ತದೆ. ಚೆದರಿದ ಬೆಳಕು ಕಾರಿನ ಮುಂದೆ ಹತ್ತಿರದಲ್ಲೇ ರಾಶಿ ಬೀಳುತ್ತದೆ. ಹತ್ತು ಹದಿನೈದು ಮೀಟರ್ ಜಾಗ ಬೆಳ್ಳಗೆ ಫಳಫಳ! ನೋಡಿದವರು “ಏನ್ ಲೈಟ್ ಅದಪಾ!” ಅನ್ನುತ್ತಾರೆ. ಆದರೆ ಹತ್ತಿರ ಬೆಳಕು ಹೆಚ್ಚಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಪಾಪೆ ಕಿರಿದಾದರೆ ದೂರದ ಮಬ್ಬಿನಲ್ಲಿರುವುದು ಇನ್ನೂ ಕಾಣುವುದಿಲ್ಲ. ಬಂಡಿ ಇರುವುದು ಅರವತ್ತು ಮೀಟರ್ ಆಚೆ. ಅಲ್ಲಿಗೆ ಬೇಕಾದ ಬೆಳಕು ಇಲ್ಲೇ ಖರ್ಚಾಗಿ ಹೋಗಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಹಿರಿಯರು ಹೇಳಿದ್ದು ಇದಕ್ಕೂ ಒಪ್ಪುತ್ತದೆ.

ಬಣ್ಣದ ಮಾತೂ ಇದೆ. ಹ್ಯಾಲೊಜನ್ ಬೆಳಕು ಹಳದಿ ಕಡೆಗೆ ವಾಲುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಎಲ್‌ಇಡಿ ಬಲ್ಬುಗಳ ಬೆಳಕು ನೀಲಿ ಕಡೆಗೆ ವಾಲುತ್ತದೆ. ಅಷ್ಟೇ ಪ್ರಮಾಣದ ಬೆಳಕಿದ್ದರೂ ನೀಲಿ ಹೆಚ್ಚಿದ್ದರೆ ಎದುರಿನವರ ಕಣ್ಣಿಗೆ ಕಿರಿಕಿರಿ ಹೆಚ್ಚು. ಕಣ್ಣಲ್ಲಿ ಪೊರೆ ಬರುತ್ತಿರುವ ಅಜ್ಜ ಅಜ್ಜಿಯರಿಗಂತೂ ದೀಪದ ಸುತ್ತ ಪ್ರಭೆ ಕಟ್ಟಿ ಏನೂ ಕಾಣದಂತಾಗುತ್ತದೆ.

ಲೆಕ್ಕ ಮಾಡಿ ನೋಡೋಣ

ಲೆಕ್ಕ 1: ಒಬ್ಬರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದಾರೆ. ಎದುರಿನ ಬೆಳಕು ಕಣ್ಣಿಗೆ ಹೊಡೆದು 3 ಸೆಕೆಂಡು ಏನೂ ಕಾಣಲಿಲ್ಲ ಅಂತ ಇಟ್ಟುಕೊಳ್ಳಿ. 60 ಕಿಲೋಮೀಟರ್ ಅಂದರೆ 60,000 ಮೀಟರ್. ಒಂದು ಗಂಟೆಗೆ 3,600 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 16.67 ಮೀಟರ್. ಮೂರರಿಂದ ಗುಣಿಸಿದರೆ 50 ಮೀಟರ್. ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂದರೆ ಹತ್ತಿರ ಹತ್ತಿರ ನಾಲ್ಕು ಕಬಡ್ಡಿ ಅಂಕಣ ದೂರವನ್ನು ಆ ಮನುಷ್ಯ ಕಣ್ಣು ಕಟ್ಟಿಕೊಂಡವರ ಹಾಗೆ ಗಾಡಿ ಓಡಿಸಿದ! ಕಾಗಿಣಾ ಹೊಳೆಯ ಸೇತುವೆ ಮೇಲೆ ಇದು ಆದರೆ? ನೀವೇ ಯೋಚಿಸಿ.

ಲೆಕ್ಕ 2: ಕಾರಿನ ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ. ಡಿಪ್ಪಿನ ಬೆಳಕು 100 ಮೀಟರಿಗೆ 1 ಮೀಟರ್ ಲೆಕ್ಕದಲ್ಲಿ ಕೆಳಗೆ ಇಳಿಯಬೇಕು ಅಂತ ಇಟ್ಟುಕೊಳ್ಳಿ. 50 ಮೀಟರ್ ದೂರದಲ್ಲಿ ಬೆಳಕಿನ ಗೆರೆ ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ಎದುರಿನವರ ಗಾಲಿಗೆ ಬೀಳುತ್ತದೆ, ಕಣ್ಣಿಗೆ ಬೀಳದು. ಈಗ ಅದೇ ಬೆಳಕು 100 ಮೀಟರಿಗೆ 1 ಮೀಟರ್ ಮೇಲೆ ಏರಿದರೆ? 50 ಮೀಟರಿನಲ್ಲಿ 115 ಸೆಂಟಿಮೀಟರ್. ಸಣ್ಣ ಕಾರು ಓಡಿಸುವವರ ಕಣ್ಣು ಇರುವುದು ಹೆಚ್ಚುಕಡಿಮೆ ಅಲ್ಲೇ! ಎರಡಕ್ಕೂ ನಡುವಿನ ಕೋನದ ವ್ಯತ್ಯಾಸ ಎಷ್ಟು ಗೊತ್ತೇ? ಒಂದು ಡಿಗ್ರಿಗಿಂತ ಒಂಚೂರು ಹೆಚ್ಚು. ನಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಲ್ಲಿ ಒಂದು ಸಣ್ಣ ಗೆರೆ.

ಹಿಂದಿನ ಡಿಕ್ಕಿಯಲ್ಲಿ ಎರಡು ಚೀಲ ತೊಗರಿ ಹಾಕಿದರೂ ಕಾರಿನ ಮೂತಿ ಮೇಲೆದ್ದು ಇಷ್ಟು ವ್ಯತ್ಯಾಸ ಆಗಬಹುದು. ಅದಕ್ಕೇ ಅನೇಕ ಕಾರುಗಳಲ್ಲಿ ಸ್ಟೇರಿಂಗಿನ ಹತ್ತಿರ 0, 1, 2, 3 ಅಂತ ಬರೆದ ಸಣ್ಣ ತಿರುಗಣಿ ಇರುತ್ತದೆ. ಭಾರ ಹೇರಿದಾಗ ಅದನ್ನು ತಿರುವಿ ದೀಪ ಕೆಳಗಿಳಿಸಬೇಕು. ಬಹಳ ಮಂದಿ ಅದನ್ನು ಮುಟ್ಟಿಯೂ ನೋಡಿರುವುದಿಲ್ಲ.

ಬಿಸಿಲು ಮತ್ತು ಧೂಳು

ಎಲ್‌ಇಡಿ ತಣ್ಣಗಿನ ಬೆಳಕು ಅಂತಾರೆ. ಅದು ಅರ್ಧ ಸತ್ಯ. ಹ್ಯಾಲೊಜನ್ ಶಾಖವನ್ನು ಬೆಳಕಿನ ಜೊತೆ ಮುಂದಕ್ಕೆ ಎಸೆಯುತ್ತದೆ. ಎಲ್‌ಇಡಿಯ ಶಾಖ ಬಿಲ್ಲೆಯ ಹಿಂದೆ ಉಳಿಯುತ್ತದೆ. ಅದನ್ನು ಹೊರಗೆ ಹಾಕಲು ಬಲ್ಬಿನ ಬಾಲಕ್ಕೆ ಅಲ್ಯೂಮಿನಿಯಂ ರೆಕ್ಕೆ, ಕೆಲವಕ್ಕೆ ಪುಟ್ಟ ಫ್ಯಾನು ಇಟ್ಟಿರುತ್ತಾರೆ. ಶಾಖ ಹೋಗದಿದ್ದರೆ ಬೆಳಕು ಮಂಕಾಗುತ್ತದೆ, ಬಿಲ್ಲೆ ಬೇಗ ಸಾಯುತ್ತದೆ.

ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುತ್ತದೆ. ಬಾನೆಟ್ ಒಳಗಿನ ಕಾವು ಕೇಳುವುದೇ ಬೇಡ. ಮೇಲಿಂದ ಗಣಿಯ ಸುಣ್ಣಕಲ್ಲಿನ ಧೂಳು, ಸಿಮೆಂಟಿನ ಧೂಳು. ಫ್ಯಾನಿನ ರೆಕ್ಕೆಗೆ ಧೂಳು ಮೆತ್ತಿದರೆ ಅದು ನಿಲ್ಲುತ್ತದೆ. ಇನ್ನು ಕೆಲವರು ಫ್ಯಾನು ಹಿಡಿಸುವುದಿಲ್ಲ ಅಂತ ಹಿಂದಿನ ರಬ್ಬರ್ ಟೋಪಿಯನ್ನೇ ಬಿಸಾಡುತ್ತಾರೆ. ಆಗ ಧೂಳು, ಮಳೆನೀರು ದೀಪದೊಳಗೇ ಹೋಗಿ ಕನ್ನಡಿಯ ಹೊಳಪು ಕೆಡುತ್ತದೆ. ಬಲ್ಬು ಬದಲಿಸಲು ಹೋಗಿ ಇಡೀ ದೀಪ ಕಳಕೊಂಡ ಹಾಗಾಯಿತು. ಕೆಲವು ಅಗ್ಗದ ಎಲ್‌ಇಡಿ ಹಾಕಿದರೆ ಕಾರಿನ ರೇಡಿಯೋ ಗರಗರ ಅನ್ನುವುದೂ ಉಂಟು. ಅದರ ವಿದ್ಯುತ್ ಮಂಡಲ ಹೊರಡಿಸುವ ಅಲೆಗಳೇ ಇದಕ್ಕೆ ಕಾರಣ.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇರುವುದೇ ಇದಕ್ಕೆ. ಮುಂದಿನ ದೀಪದ ಬೆಳಕು ಎದುರಿನವರ ಕಣ್ಣು ಕುಕ್ಕದಂತೆ ಕೆಳಗೆ ಬಾಗಿರಬೇಕು, ಅಥವಾ ಓಡಿಸುವವರು ಬಾಗಿಸುವಂತಿರಬೇಕು ಎನ್ನುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮಾರ್ಪಾಟು ಮಾಡಬಾರದು ಎನ್ನುತ್ತದೆ. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು 182ಎ ಎಂಬ ಕಲಂ ಸೇರಿತು. ಒಪ್ಪಿಗೆ ಇಲ್ಲದ ಮಾರ್ಪಾಟು ಮಾಡಿದ ಮಾಲೀಕರಿಗೆ ಆರು ತಿಂಗಳ ತನಕ ಸೆರೆವಾಸ ಅಥವಾ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಅದರಲ್ಲಿದೆ.

ಇದು ಬರೀ ಕಾಗದದ ಮಾತಾಗಿ ಉಳಿದಿಲ್ಲ. 2024ರ ಜುಲೈ ತಿಂಗಳಿನಿಂದ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪ ಹಾಕಿದ ವಾಹನಗಳ ಮೇಲೆ ರಾಜ್ಯದ ತುಂಬ ಪ್ರಕರಣ ಹಾಕಲು ಶುರು ಮಾಡಿದರು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿ ಅಲೋಕ್ ಕುಮಾರ್ ಇದನ್ನು ಮೊದಲೇ ತಿಳಿಸಿದ್ದರು. ಲಾರಿ, ಬಸ್ಸು, ಕಾರು, ಬೈಕು ಯಾವುದಕ್ಕೂ ವಿನಾಯಿತಿ ಇರಲಿಲ್ಲ.

“ಹಂಗಾದ್ರ ಹೊಸ ಕಾರಿನಾಗ ಎಲ್‌ಇಡಿ ಯಾಕ ಇರ್ತಾವ?”

ಒಳ್ಳೆಯ ಪ್ರಶ್ನೆ. ಹೊಸ ಕಾರಿನಲ್ಲಿ ಬಲ್ಬು ಒಂದೇ ಎಲ್‌ಇಡಿ ಆಗಿರುವುದಿಲ್ಲ, ಇಡೀ ದೀಪವನ್ನೇ ಎಲ್‌ಇಡಿಗಾಗಿ ಮಾಡಿರುತ್ತಾರೆ. ಕನ್ನಡಿ, ಮಸೂರ, ಶಾಖ ಹೊರಗೆ ಹಾಕುವ ರೆಕ್ಕೆ ಎಲ್ಲ ಅದಕ್ಕೆ ತಕ್ಕಂತೆ ಇರುತ್ತವೆ. ಡಿಪ್ಪಿಗೆ ಎಲ್‌ಇಡಿ ಇಟ್ಟ ಕಾರು ಮೊದಲು ಬಂದದ್ದು 2007ರಲ್ಲಿ, ಜಪಾನಿನ ಲೆಕ್ಸಸ್ ಕಂಪನಿಯದ್ದು. ಅಂಥ ದೀಪವನ್ನು ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟ ಮೇಲೆಯೇ ರಸ್ತೆಗೆ ಬಿಡುತ್ತಾರೆ.

ಹಳೆ ದೀಪಕ್ಕೆ ಎಲ್‌ಇಡಿ ಬಲ್ಬು ಎಲ್ಲೂ ಒಪ್ಪಿಲ್ಲವೇ ಅಂತ ಕೇಳಿದರೆ, ಜರ್ಮನಿಯ ಉದಾಹರಣೆ ಇದೆ. ಅಲ್ಲಿ 2020ರಲ್ಲಿ ಓಸ್ರಾಂ ಕಂಪನಿಯ ಎಲ್‌ಇಡಿ ಬಲ್ಬಿಗೆ ಒಪ್ಪಿಗೆ ಸಿಕ್ಕಿತು. ಆದರೆ ಎಲ್ಲ ಕಾರಿಗೂ ಅಲ್ಲ. ಯಾವ ಕಾರಿನ ಯಾವ ದೀಪದಲ್ಲಿ ಕೂರಿಸಿದರೆ ಬೆಳಕಿನ ಆಕಾರ ಸರಿಯಾಗಿ ಬರುತ್ತದೆ ಅಂತ ಪರೀಕ್ಷಿಸಿ, ಆ ಪಟ್ಟಿಯಲ್ಲಿರುವ ಕಾರುಗಳಿಗೆ ಮಾತ್ರ. ಇದರಿಂದ ತಿಳಿಯುವುದು ಏನು? ಎಲ್‌ಇಡಿ ಬಲ್ಬನ್ನು ಹಳೆ ದೀಪಕ್ಕೆ ಹೊಂದಿಸುವುದು ಅಸಾಧ್ಯವೇನಲ್ಲ. ಆದರೆ ಜೋಡಿ ನೋಡಿಯೇ ಮಾಡಬೇಕು. ಬೀಗ, ಬೀಗದ ಕೈ ಇದ್ದ ಹಾಗೆ. ಕೈ ಹೊಸದು, ಹೊಳೆಯುತ್ತದೆ ಅಂದ ಮಾತ್ರಕ್ಕೆ ಬೀಗ ತೆರೆಯುವುದಿಲ್ಲ.

ಹಾಗಾದರೆ ಬೆಳಕು ಕಮ್ಮಿ ಇದ್ದವರು ಏನು ಮಾಡಬೇಕು?

ಹಳೆ ಕಾರಿನವರ ತೊಂದರೆ ಸುಳ್ಳಲ್ಲ. ದಾರಿ ಕಾಣದೆ ಓಡಿಸುವುದೂ ಅಪಾಯವೇ. ಆದರೆ ಬಲ್ಬನ್ನು ಬೈಯುವ ಮೊದಲು ಇವನ್ನು ನೋಡಬೇಕು.

1. ಗಾಜು ಒರೆಸಿ. ನಮ್ಮ ಕಡೆ ಒಂದು ವಾರಕ್ಕೇ ಧೂಳಿನ ಪದರ ಕೂರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಖರ್ಚು ಏನೂ ಇಲ್ಲ.

2. ಮುಚ್ಚಳ ಪ್ಲಾಸ್ಟಿಕ್ ಆಗಿದ್ದರೆ ಬಿಸಿಲಿಗೆ ಹಳದಿಯಾಗಿ ಮಬ್ಬಾಗಿರುತ್ತದೆ. ಗ್ಯಾರೇಜಿನಲ್ಲಿ ಅದನ್ನು ಉಜ್ಜಿ ಪಾಲಿಶ್ ಮಾಡುತ್ತಾರೆ. ತೀರ ಹಾಳಾಗಿದ್ದರೆ, ಅಥವಾ ಒಳಗಿನ ಕನ್ನಡಿಯ ಹೊಳಪು ಹೋಗಿದ್ದರೆ, ಇಡೀ ದೀಪ ಬದಲಿಸುವುದು ಒಳ್ಳೆಯದು.

3. ವೈರು ಪರೀಕ್ಷಿಸಿ. ವೋಲ್ಟೇಜು ನೂರಕ್ಕೆ 10 ಇಳಿದರೆ ಹ್ಯಾಲೊಜನ್ ಬಲ್ಬಿನ ಬೆಳಕು ನೂರಕ್ಕೆ ಸುಮಾರು 30 ಇಳಿಯುತ್ತದೆ! ತುಕ್ಕು ಹಿಡಿದ ಹೋಲ್ಡರು, ಸಡಿಲ ಅರ್ಥಿಂಗ್ ವೈರು, ತೆಳುವಾದ ಹಳೆ ವೈರು ಇದಕ್ಕೆ ಕಾರಣ. ತಿಳಿದ ಎಲೆಕ್ಟ್ರಿಷಿಯನ್ ಹತ್ತಿರ ರಿಲೇ ಮತ್ತು ಸರಿಯಾದ ದಪ್ಪದ ವೈರು ಹಾಕಿಸಿದರೆ ಅದೇ ಬಲ್ಬು ಹೊಸದರಂತೆ ಉರಿಯುತ್ತದೆ.

4. ಬಲ್ಬು ಹಳೆಯದಾಗಿದ್ದರೆ ಒಳ್ಳೆಯ ಕಂಪನಿಯ, ಅದೇ ವ್ಯಾಟಿನ ಬಲ್ಬು ಎರಡೂ ಕಡೆ ಒಟ್ಟಿಗೆ ಹಾಕಿ. ಗಾಜಿಗೆ ಬೆರಳು ತಾಗಿಸಬೇಡಿ. ಬೆರಳಿನ ಎಣ್ಣೆ ಹತ್ತಿದ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ.

5. 60 ವ್ಯಾಟಿನ ಜಾಗದಲ್ಲಿ 100 ವ್ಯಾಟಿನ ಬಲ್ಬು ಹಾಕಬೇಡಿ. ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ ವೈರಿನ ಶಾಖ ಹೆಚ್ಚುತ್ತದೆ ಅಂತ ಓದಿದ್ದೇವಲ್ಲ. ಲೆಕ್ಕ ಮಾಡಿದರೆ ವೈರು ಸುಮಾರು 2.8 ಪಟ್ಟು ಹೆಚ್ಚು ಕಾಯುತ್ತದೆ. ಹೋಲ್ಡರು ಕರಗುತ್ತದೆ, ಬೆಂಕಿಯೂ ಹತ್ತಬಹುದು.

6. ದೀಪದ ದಿಕ್ಕು ನೋಡಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅದರ ಕೆಳಗೆ 10 ಸೆಂಟಿಮೀಟರ್ ಬಿಟ್ಟು ಇನ್ನೊಂದು ಗೆರೆ ಎಳೆಯಿರಿ. ಡಿಪ್ ಹಾಕಿದಾಗ ಬೆಳಕಿನ ಅಂಚು ಕೆಳಗಿನ ಗೆರೆಯ ಹತ್ತಿರ ಬರಬೇಕು. ಕೆಲವು ಕಾರುಗಳ ದೀಪದ ಮೇಲೆ ನೂರಕ್ಕೆ ಎಷ್ಟು ಇಳಿಯಬೇಕು ಅಂತ ಅಂಕಿ ಬರೆದಿರುತ್ತದೆ. ಇದ್ದರೆ ಅದರಂತೆ ಅಳೆಯಿರಿ. ದೀಪದ ಹಿಂದಿನ ತಿರುಪಿನಿಂದ ಸರಿ ಮಾಡಬಹುದು.

ಈಗಾಗಲೇ ಎಲ್‌ಇಡಿ ಬಲ್ಬು ಹಾಕಿಸಿದವರೂ ಈ ಗೋಡೆ ಪರೀಕ್ಷೆ ಮಾಡಬೇಕು. ಗೆರೆಯ ಮೇಲೆ ಕತ್ತಲು ಇರಬೇಕಾದ ಜಾಗ ಬೆಳ್ಳಗೆ ಕಂಡರೆ, ಆ ಬಲ್ಬು ಆ ದೀಪಕ್ಕೆ ಸೇರಿದ್ದಲ್ಲ ಅಂತ ಗೋಡೆಯೇ ಹೇಳುತ್ತದೆ. ಹಳೆಯ ಬಲ್ಬು ಮತ್ತೆ ಹಾಕಿಸುವುದೇ ಜಾಣತನ.

ಕಾರಿಲ್ಲದ ನಾವು ಏನು ಮಾಡಬಹುದು?

ಮಾಡುವುದು ಬಹಳ ಇದೆ. ರಾತ್ರಿ ನಡೆಯುವಾಗ ವಾಹನಕ್ಕೆ ಎದುರಾಗಿ, ಅಂದರೆ ರಸ್ತೆಯ ಬಲಗಡೆ ನಡೆಯಿರಿ. ಬಿಳಿ ಅಂಗಿ, ತಿಳಿ ಬಣ್ಣದ ಶಾಲು ದೂರದಿಂದ ಕಾಣುತ್ತದೆ. ಸೈಕಲ್ಲಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ ನೋಡಿ. ಬಂಡಿಯ ಹಿಂದೆ, ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ಮನೆಯಲ್ಲಿ ಅಪ್ಪನಿಗೆ, ಕಾಕಾನಿಗೆ ಹೇಳಿ. ಅದಕ್ಕೆ ಬ್ಯಾಟರಿ ಬೇಡ, ಬಲ್ಬು ಬೇಡ. ಬಂದ ಬೆಳಕನ್ನೇ ಬಂದ ದಾರಿಗೆ ವಾಪಸ್ ಕಳಿಸುತ್ತದೆ. ಒಳ್ಳೆಯ ಡಿಪ್ಪಿನ ಬೆಳಕು ಗಾಲಿಯ ಎತ್ತರಕ್ಕೆ ಬೀಳುತ್ತದೆ ಅಂತ ಲೆಕ್ಕದಲ್ಲಿ ನೋಡಿದೆವಲ್ಲ, ಹಾಗಾಗಿ ಪಟ್ಟಿಯನ್ನು ಆದಷ್ಟು ಕೆಳಗೇ ಅಂಟಿಸಿದರೆ ಬೇಗ ಹೊಳೆಯುತ್ತದೆ.

ಮನೆಯಲ್ಲಿ ಗಾಡಿ ಓಡಿಸುವವರು ಇದ್ದರೆ ಇನ್ನೊಂದು ಮಾತು ನೆನಪಿಸಿ. ಲಾರಿಗಳ ಹಿಂದೆ “ಯೂಸ್ ಡಿಪ್ಪರ್ ಅಟ್ ನೈಟ್” ಅಂತ ದೊಡ್ಡದಾಗಿ ಬರೆದಿರುತ್ತಾರೆ. ಓದಿ ಓದಿ ನಮಗೆಲ್ಲ ಬಾಯಿಪಾಠ ಆಗಿದೆ. ಎದುರಿಗೆ ಗಾಡಿ ಕಂಡ ಕೂಡಲೇ ಅಪ್ಪರ್ ಇಳಿಸಿ ಡಿಪ್ ಮಾಡಬೇಕು. ಅವರು ಮಾಡಲಿಲ್ಲ ಅಂತ ಹಟಕ್ಕೆ ಬಿದ್ದು ನಾವೂ ಅಪ್ಪರ್ ಹಾಕಿದರೆ ರಸ್ತೆಯ ಮೇಲೆ ಇಬ್ಬರು ಕುರುಡರು ಎದುರುಬದುರು ಬಂದ ಹಾಗೆ.

ಗೆಳೆಯರೇ, ದೀಪ ಹಚ್ಚುವುದು ನಮಗೆ ದಾರಿ ಕಾಣಲಿ ಅಂತ. ಅದರ ಜೊತೆಗೆ ಎದುರಿನವರಿಗೆ ನಾವು ಕಾಣಲಿ, ಅವರಿಗೂ ಅವರ ದಾರಿ ಕಾಣಲಿ ಅನ್ನುವುದೂ ಸೇರಿದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಬೆಳಕಿಗೂ ಸಲ್ಲುತ್ತದೆ. ಎಷ್ಟು ಬೆಳಕು ಅಂತ ಕೇಳುವ ಮೊದಲು, ಅದು ಎಲ್ಲಿ ಬೀಳುತ್ತದೆ ಅಂತ ಕೇಳೋಣ.

ನೆನಪಿಡಿ: ಬಲ್ಬು, ಕನ್ನಡಿ, ಗಾಜು ಮೂರೂ ಸೇರಿದರೆ ಒಂದು ದೀಪ. ಒಂದನ್ನು ಬದಲಿಸಿದರೆ ಉಳಿದೆರಡನ್ನೂ ಕೇಳಬೇಕು.